ಆಚೆ ದಡದ ಊಟ

ನಮ್ಮದು ನೀರಿನ ಜನವಲ್ಲ. ಹೊಸದುರ್ಗದ ಕಡೆ ತೆಂಗು, ರಾಗಿ, ಕುರಿ ನೋಡಿಕೊಂಡು ಬೆಳೆದವರು. ಚಿಕ್ಕವಳಿದ್ದಾಗ ನಾನು ಕಂಡ ದೊಡ್ಡ ನೀರೆಂದರೆ ತೋಟದ ತೊಟ್ಟಿ. ಈಚೆಗೆ ಮಾರಿಕಣಿವೆ ಜಲಾಶಯ ತುಂಬಿ, ಅದರ ಹಿನ್ನೀರು ನನ್ನ ತವರೂರಿನ ಅಂಚಿಗೇ ಬಂದು ನಿಂತಾಗ ಜನ ಹೊಸ ಸೊಸೆಯನ್ನು ನೋಡಲು ಹೋದ ಹಾಗೆ ಗುಂಪು ಕಟ್ಟಿಕೊಂಡು ಹೋಗಿ ನೋಡಿ ಬರುತ್ತಿದ್ದರು. ನನ್ನ ತಮ್ಮನ ತೋಟಕ್ಕಿದ್ದ ದಾರಿ ಮುಳುಗಿತು. ಅವನು ಮೀನು ಹಿಡಿಯುವವರಿಂದ ಬುಟ್ಟಿಯಂಥ ದುಂಡನೆಯ ಹಳೆಯ ತೆಪ್ಪವೊಂದನ್ನು ಕೊಂಡ. ಅವನನ್ನು ನೋಡಿ ಇನ್ನೂ ನಾಲ್ಕು ಮನೆಯವರು ಕೊಂಡರು. ನಮ್ಮ ಕೂಟ ಹುಟ್ಟಿದ್ದು ಹಾಗೆ. ಅದಕ್ಕೆ ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಆಷಾಢದ ಭಾನುವಾರಗಳಲ್ಲಿ ಐದು ತೆಪ್ಪ, ತೆಪ್ಪಕ್ಕಿಬ್ಬರು, ಅಷ್ಟೆ.

ಆ ವರ್ಷ ನಮ್ಮ ಮನೆಯಲ್ಲಿ ಮಾತು ನಿಂತುಹೋಗಿತ್ತು. ನನ್ನ ಯಜಮಾನರು ಸರ್ಕಾರಿ ಬಸ್ಸಿನ ಚಾಲಕರಾಗಿದ್ದವರು. ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ದಾರಿಯ ಗುಂಡಿಗಳೆಲ್ಲ ಅವರಿಗೆ ಬಾಯಿಪಾಠ. ಅದಕ್ಕೂ ಎರಡು ವರ್ಷದ ಹಿಂದೆ ಲಕ್ವ ಹೊಡೆದಿತ್ತು. ಕಾಲು ಸುಧಾರಿಸಿತು, ಮಾತು ಸುಧಾರಿಸಿತು, ಬಲಗೈ ಮಾತ್ರ ಏಳಲಿಲ್ಲ. ಕೆಲಸ ಬಿಟ್ಟರು. ಅದನ್ನು ಹೇಗೋ ತಡೆದುಕೊಂಡರು. ಅವರನ್ನು ನಿಜವಾಗಿ ಕುಗ್ಗಿಸಿದ್ದು ಎಡಗೈಯಲ್ಲಿ ಉಣ್ಣಬೇಕಾದದ್ದು. ಮದುವೆ, ತಿಥಿ, ನೆಂಟರ ಮನೆ ಎಲ್ಲ ಬಿಟ್ಟರು. ಯಾರಾದರೂ ಬಂದರೆ ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋಗುತ್ತಿದ್ದರು. ನಾಲ್ಕು ಜನರ ಜೊತೆ ಕೂತು ಉಂಡು ಎರಡು ವರ್ಷವಾಗಿತ್ತು. ನನ್ನ ಬಾಯಿ ಜೋರು, ಎಲ್ಲರಿಗೂ ಗೊತ್ತಿರುವುದೇ. ಆದರೆ ಆ ವಿಷಯಕ್ಕೆ ಮಾತ್ರ ನನಗೂ ಬಾಯಿ ಬರುತ್ತಿರಲಿಲ್ಲ. ಹೀಗೇ ಮುದುಕರಾಗಿಬಿಡುತ್ತಾರೇನೋ ಎಂದು ಹೆದರಿದ್ದೆ.

ಒಂದು ಭಾನುವಾರ ಬಲವಂತ ಮಾಡಿ ಅವರನ್ನು ತವರಿಗೆ ಕರೆದುಕೊಂಡು ಹೋದೆ. ದಡದಲ್ಲಿ ನನ್ನ ತಮ್ಮ ರಾಗಿ ಒಣಗಿಸುವ ಟಾರ್ಪಾಲನ್ನು ಬಿದಿರಿನ ಗಳಕ್ಕೆ ಕಟ್ಟಿ ತೆಪ್ಪದಲ್ಲಿ ನಿಲ್ಲಿಸುತ್ತಿದ್ದ. ಮೊಬೈಲಿನಲ್ಲಿ ಎಲ್ಲೋ ಹಾಯಿ ದೋಣಿ ನೋಡಿದ್ದನಂತೆ. ನಮ್ಮ ಕಡೆ ಆಷಾಢದ ಗಾಳಿ ಎಂದರೆ ಹೆಂಚು ಹಾರಿಸುವಂಥದ್ದು. ಹಾಯಿ ಉಬ್ಬಿತು, ತೆಪ್ಪ ಹೊರಟಿತು, ಹೊರಟದ್ದೇ ಗಿರಗಿರ ತಿರುಗಲು ಶುರು ಮಾಡಿತು. ನಡುವೆ ಕೂತು ತಮ್ಮ ಕೂಗುತ್ತಿದ್ದ. ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ.

"ಲೇ, ಸ್ಟೇರಿಂಗ್ ಇಲ್ದಲೆ ಗಾಡಿ ತೆಗೀತಾರೇನೋ? ಹಿಂದ್ಕಡೆ ಹುಟ್ಟು ಇಳಿಬಿಡು, ಅದನ್ನ ಬಗಲಾಗೆ ಹಿಡ್ಕಂಡು ಕುಂತ್ಕೊ!" ಎಂದು ದಡದಿಂದ ಗದರಿದರು.

ತಮ್ಮ ಕಷ್ಟಪಟ್ಟು ಈಚೆಗೆ ಬಂದವನೇ, "ಭಾವ, ನಂಗೆ ತಿಳಿಯಾಕಿಲ್ಲ. ನೀವೇ ಬರ್ರಿ," ಎಂದ. ಅವರು ನನ್ನ ಮುಖ ನೋಡಿದರು. ನಾನು ಏನಾದರೂ ಅಂದಿದ್ದರೆ ಕೆಲಸ ಕೆಡುತ್ತಿತ್ತು. ನೀರಿನ ಕಡೆ ಮುಖ ತಿರುಗಿಸಿದೆ. ಇಳಿದು ಹೋಗಿ ಕೂತರು. ಉದ್ದನೆಯ ಹುಟ್ಟನ್ನು ಎಡ ಬಗಲಿಗೆ ಸಿಕ್ಕಿಸಿಕೊಂಡು ನೀರಿಗಿಳಿಬಿಟ್ಟರು. ತೆಪ್ಪ ಎರಡು ಸುತ್ತು ತಿರುಗಿ ನೆಟ್ಟಗಾಯಿತು. ಹುಟ್ಟು ಹಾಕಲು ಎರಡು ಕೈ ಬೇಕು. ಹಾಯಿ ಕಟ್ಟಿದ ಮೇಲೆ ಒಂದು ಸಾಕು.

ಮರುವಾರಕ್ಕೆ ಐದು ತೆಪ್ಪಕ್ಕೂ ಹಾಯಿ ಬಂತು. ಒಬ್ಬರದು ಯೂರಿಯಾ ಚೀಲ ಹೊಲಿದದ್ದು, ಇನ್ನೊಬ್ಬರದು ಮದುವೆ ಶಾಮಿಯಾನದ ತುಂಡು. ನಮ್ಮೂರ ಹೈಸ್ಕೂಲು ಮೇಷ್ಟ್ರು ಎಲ್ಲರಿಗೂ ಲೈಫ್ ಜಾಕೆಟ್ ತರಿಸಿದರು, ಹಾಕದವರನ್ನು ಹತ್ತಿಸುವುದಿಲ್ಲ ಎಂದರು. ನನ್ನ ತಮ್ಮ ತನ್ನ ತೆಪ್ಪವನ್ನು ಯಜಮಾನರಿಗೆ ಬಿಟ್ಟುಕೊಟ್ಟು ಇನ್ನೊಬ್ಬರದನ್ನು ಹತ್ತಿದ. ಯಜಮಾನರ ತೆಪ್ಪದಲ್ಲಿ ಹಾಯಿಯ ಹಗ್ಗ ಹಿಡಿಯುವ ಕೆಲಸ ನನಗೆ. "ಬಿಡು ಅಂದ್ರೆ ಬಿಡ್ಬೇಕು, ಎಳಿ ಅಂದ್ರೆ ಎಳೀಬೇಕು. ಮಧ್ಯ ಮಾತಾಡಂಗಿಲ್ಲ," ಎಂದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ.

ಗಾಳಿ ಬೆನ್ನಿಗಿತ್ತು. ಐದೂ ತೆಪ್ಪ ಕೂಗಾಡಿಕೊಂಡು ಆಚೆ ದಡ ಮುಟ್ಟಿದವು. ಯಾರು ಮೊದಲು ಎಂದು ಜಗಳವಾಯಿತು. ಜಗಳ ಮುಗಿದ ಮೇಲೆ ಹಿಂದಕ್ಕೆ ಹೊರಡಬೇಕು ಎಂದು ತಿರುಗಿದೆವು. ಬಂದ ಗಾಳಿ ಈಗ ಎದುರಿಗೆ. ಹುಟ್ಟು ಹಾಕಿದರೆ ಒಂದು ಮಾರು ಮುಂದೆ, ಎರಡು ಮಾರು ಹಿಂದೆ. ಮೇಷ್ಟ್ರೂ ಸೇರಿ ಹತ್ತು ಜನರಲ್ಲಿ ಒಬ್ಬರಿಗೂ ವಾಪಸ್ ಬರುವ ಯೋಚನೆ ಹೊಳೆದಿರಲಿಲ್ಲ. ನೀರಿನ ಜನವಾಗಿದ್ದರೆ ಅದನ್ನೇ ಮೊದಲು ಯೋಚಿಸುತ್ತಿದ್ದರು. ನನ್ನ ತಮ್ಮ ಫೋನು ಮಾಡಿ ಟ್ರ್ಯಾಕ್ಟರ್ ಕರೆಸಿದ. ಅದು ರಸ್ತೆಯಲ್ಲಿ ಸುತ್ತಿ ಬಳಸಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆಯುವುದಿತ್ತು.

ಆ ದಡದಲ್ಲಿದ್ದದ್ದು ಒಂದೇ ಮನೆ, ಕುರಿ ಸಾಕಿಕೊಂಡಿದ್ದವರದು. ಒಬ್ಬ ಅಜ್ಜಿ ಹೊರಗೆ ಬಂದು, ನೆನೆದ ಹತ್ತು ಜನರನ್ನೂ ಐದು ಟಾರ್ಪಾಲುಗಳನ್ನೂ ನೋಡಿ, "ಬುದ್ಧಿ ಇದ್ದೋರು ಮಾಡೋ ಕೆಲ್ಸನೇನ್ರಪ್ಪ ಇದು? ಬರ್ರಿ, ಕುಂತ್ಕಳ್ರಿ," ಎಂದರು. ಮುದ್ದೆಗೆ ಎಸರಿಟ್ಟರು. ಹುರುಳಿ ಸಾರಿನ ವಾಸನೆಗೆ ಹೊಟ್ಟೆ ತಾಳ ಹಾಕುತ್ತಿತ್ತು. ಜಗಲಿಯ ಮೇಲೆ ಸಾಲಾಗಿ ಕೂತೆವು. ಯಜಮಾನರು ಕೂರಲಿಲ್ಲ. "ನಂಗೆ ಬ್ಯಾಡ. ತೆಪ್ಪ ನೋಡ್ಕಂತೀನಿ," ಎಂದು ನೀರಿನ ಕಡೆ ಹೋದರು. ನಾನು ಬೇಗ ಉಂಡೆದ್ದು, ಬ್ಯಾಗಿನಲ್ಲಿದ್ದ ಬಿಸ್ಕತ್ತನ್ನು ಹೊಂಗೆ ಮರದ ಹಿಂದೆ ಅವರಿಗೆ ಕೊಟ್ಟು ಬಂದೆ.

ಎಡವಿದ್ದೇ ಪದ್ಧತಿಯಾಯಿತು. ಅಂದಿನಿಂದ ಓಟ ಮುಗಿಯುವುದು ಅಜ್ಜಿಯ ದಡದಲ್ಲೇ. ಬೆಳಿಗ್ಗೆಯೇ ಟ್ರ್ಯಾಕ್ಟರಿನಲ್ಲಿ ರಾಗಿ ಹಿಟ್ಟು, ಸೊಪ್ಪು, ಕಾಯಿ ಹೋಗುತ್ತಿತ್ತು. ಕೊನೆಗೆ ಬಂದ ತೆಪ್ಪದವರು ಪಾತ್ರೆ ತೊಳೆಯಬೇಕು. ಒಂದು ಭಾನುವಾರ ಎಲ್ಲರಿಗಿಂತ ಮೊದಲು ನಾವೇ ಬಂದುಬಿಟ್ಟೆವು. ಕನಿಕರಕ್ಕೆ ಬಿಟ್ಟುಕೊಟ್ಟಿರಬೇಕು ಎಂದು ನನಗೆ ಸಿಟ್ಟು ಬಂದು ತಮ್ಮನನ್ನು ಹಿಡಿದು ಕೇಳಿದೆ. "ಇಲ್ಲ ಕಣಕ್ಕ, ನಿನ್ನ ಬಾಯಿಗೆ ಹೆದ್ರಿ ನಿಮ್ಮ ತೆಪ್ಪನೇ ಓಡ್ತು," ಎಂದ. ಯಜಮಾನರು ಅಂದು ರಾತ್ರಿಯವರೆಗೂ ಅದನ್ನೇ ನೆನೆದು ನಗುತ್ತಿದ್ದರು. ಮನೆಯಲ್ಲಿ ಮಾತು ಶುರುವಾಗಿತ್ತು. ಗಾಳಿ, ಹಗ್ಗ, ಗಳದ ಉದ್ದ, ಇವೇ ಮಾತು. ನನಗೆ ಅಷ್ಟೇ ಸಾಕಾಗಿತ್ತು. ಆದರೆ ಊಟದ ಹೊತ್ತಿಗೆ ಪ್ರತಿ ವಾರವೂ ತೆಪ್ಪ ಕಾಯುವ ನೆಪ, ಹೊಂಗೆ ಮರದ ಮರೆ. ನಾನು ಮನೆಯಿಂದ ಡಬ್ಬಿ, ಚಮಚ ಒಯ್ಯತೊಡಗಿದೆ. ಅಜ್ಜಿ ಒಂದು ಸಲ ಆ ಮರದ ಕಡೆ ನೋಡಿ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ನಾನು ಅದಕ್ಕೆ ಅರ್ಥ ಹುಡುಕಲಿಲ್ಲ.

ಆಷಾಢದ ಕೊನೆಯ ಭಾನುವಾರ ನಡುನೀರಿನಲ್ಲಿ ಗಾಳಿ ಸತ್ತುಹೋಯಿತು. ಹಾಯಿಗಳು ಜೋತುಬಿದ್ದವು. ಹುಟ್ಟು ಹಾಕಿ ಹೋಗಬಹುದಿತ್ತು, ಆದರೆ ಹಾಗೆ ಹೋದರೆ ಓಟ ಓಟವಲ್ಲ ಎಂದು ಮೇಷ್ಟ್ರು ಹಟ ಹಿಡಿದರು. "ಕಾಯಾಣ, ಬರ್ತತೆ ಗಾಳಿ," ಎಂದ ತಮ್ಮ. ತೆಪ್ಪಗಳು ಚೆದುರದ ಹಾಗೆ ಹತ್ತಿರ ತಂದು, ಪಕ್ಕದ ತೆಪ್ಪದ ಅಂಚನ್ನು ಒಬ್ಬೊಬ್ಬರು ಹಿಡಿದುಕೊಂಡೆವು. ಒಂದು ಗಂಟೆಯಾಯಿತು. ಬಿಸಿಲು ನೆತ್ತಿಗೆ ಬಂತು. ಯಜಮಾನರು ಬೆಳಿಗ್ಗೆ ಮಾತ್ರೆ ನುಂಗಿದ್ದರು, ಹೊಟ್ಟೆ ಖಾಲಿ ಬಿಡುವಂತಿರಲಿಲ್ಲ. ಡಬ್ಬಿ ಟ್ರ್ಯಾಕ್ಟರಿನಲ್ಲಿ ಹೋಗಿತ್ತು. ಅವರ ಹಣೆಯ ಮೇಲೆ ಬೆವರು ಕಂಡು, ತಿನ್ನಲು ಏನಾದರೂ ಇದೆಯೇ ಎಂದು ಎಲ್ಲರನ್ನೂ ಕೂಗಿ ಕೇಳಿದೆ.

ತಮ್ಮ ಒಂದು ಚೀಲ ಬಿಚ್ಚಿದ. ಒಗ್ಗರಣೆ ಹಾಕಿದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಟವೆಲಿನ ಮೇಲೆ ಸುರಿದು ನಮ್ಮ ತೆಪ್ಪದಲ್ಲೇ ಇಟ್ಟ, ನಡುವಿದ್ದದ್ದು ಅದೇ. ಎಲ್ಲರ ಕೈಗಳೂ ಅಲ್ಲಿಗೇ ಬಂದವು. ಯಜಮಾನರು ಸುತ್ತ ನೋಡಿದರು. ನೀರಿನಲ್ಲಿ ಹೊಂಗೆ ಮರ ಎಲ್ಲಿಂದ ಬರಬೇಕು? ಹುಟ್ಟನ್ನು ಬಗಲಿನಿಂದ ತೆಗೆದು ತೆಪ್ಪದೊಳಗೆ ಇಟ್ಟರು. ಆಮೇಲೆ ಎಡಗೈ ಚಾಚಿ ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡರು. ನಾನು ಎಲ್ಲರ ಮುಖ ನೋಡಿದೆ, ಯಾರಾದರೂ ಏನಾದರೂ ಅಂದರೆ ನೀರಿಗೆ ನೂಕಿಬಿಡುವ ಸಿಟ್ಟಿನಲ್ಲಿ. ಆಗ ಕಂಡದ್ದು ಇದು: ಮೇಷ್ಟ್ರ ಬಲಗೈ ಪಕ್ಕದ ತೆಪ್ಪ ಹಿಡಿದಿತ್ತು, ಅವರೂ ಎಡಗೈಯಲ್ಲಿ ತಿನ್ನುತ್ತಿದ್ದರು. ತಮ್ಮನೂ ಅಷ್ಟೆ. ಯಾರೂ ಬೇಕೆಂದು ಮಾಡಿದ್ದಲ್ಲ. ಕೈ ಬಿಟ್ಟರೆ ತೆಪ್ಪ ಹೋಗುತ್ತಿತ್ತು, ಅದಕ್ಕೆ. "ಬಜ್ಜಿ ಇತ್ಲಾಗೆ ತಳ್ರೀ, ಎಲ್ಲ ನೀವೇ ಮುಗಿಸ್ತೀರಾ?" ಎಂದು ಮೇಷ್ಟ್ರು ಗೊಣಗಿದರು. ಯಜಮಾನರು ಒಂದು ಬಜ್ಜಿ ಎತ್ತಿ ಅವರ ಬಾಯಿಗೇ ತುರುಕಿದರು.

ಗಾಳಿ ಎದ್ದು ನಾವು ದಡ ಮುಟ್ಟುವಾಗ ಅಜ್ಜಿಯ ಮುದ್ದೆ ಆರಿತ್ತು. ನಾವೇ ಕೊನೆ, ಪಾತ್ರೆ ನಮ್ಮದೇ. ನಾನು ಡಬ್ಬಿ ತರಲು ಟ್ರ್ಯಾಕ್ಟರಿನ ಕಡೆ ಹೊರಟವಳು ತಿರುಗಿ ನೋಡಿದರೆ ಯಜಮಾನರು ಜಗಲಿಯ ಸಾಲಿನಲ್ಲಿ ಕೂತಿದ್ದರು. ಅಜ್ಜಿ ತಟ್ಟೆ ಹಿಡಿದು ಅವರ ಮುಂದೆ ನಿಂತುಬಿಟ್ಟಿದ್ದರು.

"ಇವತ್ತೇನಪ್ಪ, ಇಲ್ಲೇ ಕುಂತೀಯ? ನಮ್ಮಂಥೋರ ಮನಿ ಊಟ ನಿಂಗೆ ಆಗಾದಿಲ್ಲ ಅಂದ್ಕಂಡಿದ್ದೆ," ಎಂದರು.

ಅಷ್ಟೂ ಭಾನುವಾರ ನಮ್ಮ ನಾಚಿಕೆಯನ್ನು ಮುಚ್ಚಿಡುತ್ತಿದ್ದೇವೆ ಎಂದುಕೊಂಡು ನಾವು ಆ ಅಜ್ಜಿಗೆ ಅವಮಾನ ಮಾಡಿದ್ದೆವು. ಆಕೆ ಅದನ್ನು ನುಂಗಿಕೊಂಡು ವಾರವಾರವೂ ನಮ್ಮೆಲ್ಲರಿಗೆ ಮುದ್ದೆ ಕಟ್ಟಿದ್ದರು.

ಯಜಮಾನರು ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, ಎರಡು ವರ್ಷ ಯಾರಿಗೂ ತೋರಿಸದ್ದನ್ನು ಆಕೆಯ ಮುಂದೆ ಚಾಚಿದರು. "ಇದು ಏಳಾದಿಲ್ಲ ಕಣಮ್ಮ. ಎಡಗೈಲಿ ಉಣ್ಣಾಕೆ ನಾಚ್ಕೆ ಆಗ್ತಿತ್ತು. ನಿನ್ನ ಊಟಕ್ಕಲ್ಲ."

ಅಜ್ಜಿ ಆ ಕೈಯನ್ನು ಹಿಡಿದು ಸ್ವಲ್ಪ ಹೊತ್ತು ಸವರಿದರು. ಆಮೇಲೆ ಅದನ್ನು ಅವರ ತೊಡೆಯ ಮೇಲೆ ಮೆಲ್ಲಗೆ ಇಟ್ಟು, ತಟ್ಟೆಯನ್ನು ಅವರ ಎಡಕ್ಕೆ ಸರಿಸಿ, ಸಾರು ಬಿಟ್ಟರು. "ಮೂರು ವಾರದ್ದು ಬಾಕಿ ಐತೆ. ಉಣ್ಣು," ಎಂದರು.

ಆ ಗಾಳಿಗೆ, ಆ ನೀರಿಗೆ, ವಾಪಸ್ ಬರುವುದನ್ನೇ ಮರೆತ ನಮ್ಮ ದಡ್ಡತನಕ್ಕೆ ನಾನು ಋಣಿ. ಎಲ್ಲಕ್ಕಿಂತ ಹೆಚ್ಚು ಆ ಅಜ್ಜಿಗೆ. ಅಂದು ಯಜಮಾನರು ಒಂದೂವರೆ ಮುದ್ದೆ ಉಂಡರು. ಸಾಲಿನಲ್ಲಿ ಎಲ್ಲರೂ ಎದ್ದ ಮೇಲೂ ಉಣ್ಣುತ್ತಿದ್ದರು, ಯಾರೂ ಅವರನ್ನು ಅವಸರಪಡಿಸಲಿಲ್ಲ.