ಹಾಡು ಬರೆದವಳ ಹೆಸರು

ಕೇರಳದ ಕೊಂಡೋಟ್ಟಿಯ ನಮ್ಮ ಶಾಲೆಯಲ್ಲಿ ಮೈಮೂನ ಟೀಚರಿಗೆ ಎರಡೇ ಬಗೆಯ ಶತ್ರುಗಳು: ನಕಲು ಮಾಡುವವರು, ನಕಲನ್ನು ಕಂಡೂ ಸುಮ್ಮನಿರುವವರು. ಹಾಗೆ ನೋಡಿದರೆ ನಾವ್ಯಾರೂ ಉಳಿಯುವುದಿಲ್ಲ. ಹೆಡ್‌ಮಾಸ್ಟರ್ ವಾಸುದೇವನ್ ಮಾಶ್ ವಾರ್ಷಿಕೋತ್ಸವದಲ್ಲಿ ಓದಿದ ಸ್ವಾಗತ ಭಾಷಣ ಯಾವ ಶಾಲೆಯಿಂದ ಎತ್ತಿದ್ದೆಂದು ಟೀಚರ್ ಅವರ ಮುಖಕ್ಕೇ ಹೇಳಿದ್ದರು. ಪಕ್ಕದ ಕುರ್ಚಿಯಲ್ಲಿದ್ದ ಗಣಿತದ ಟೀಚರ್ ನಾನು. ಚಹಾದ ಲೋಟ ಎತ್ತಿ ಮುಖ ಮರೆಸಿಕೊಂಡಿದ್ದೆ.

ಕಂಪ್ಯೂಟರ್ ಕ್ಲಾಸಿನಲ್ಲಿ ಕೃತಿಸ್ವಾಮ್ಯ ಕಲಿಸಲು ಮೈಮೂನ ಟೀಚರ್ ಕಾನೂನು ಪುಸ್ತಕ ಬಿಚ್ಚಿದವರಲ್ಲ, ಹಾಡಿನ ಉದಾಹರಣೆ ಕೊಡುವರು. ನಮ್ಮ ಕಡೆ ಮುಸ್ಲಿಮರ ಮಾಪ್ಪಿಳ ಹಾಡು ಕಟ್ಟುವವರು ಹಳೆಯ ಧಾಟಿಗೆ ಹೊಸ ಪದ ಜೋಡಿಸುತ್ತಾರೆ. ಧಾಟಿಗೆ ಇಶಲ್ ಎನ್ನುತ್ತೇವೆ. ಯಾವ ಇಶಲ್ ಎಂದು ಹಾಡಿನ ಮೇಲೆ ಬರೆದೇ ಮುಂದಿನ ಮಾತು.

"ನೋಡ್ರೋ, ಧಾಟಿ ತಮ್ಮದಲ್ಲ ಅಂತ ನಿಮ್ಮ ಅಜ್ಜಂದಿರೇ ಬರೆದಿಟ್ಟಿದ್ದಾರೆ. ನೆಟ್ಟಿಂದ ಇಳಿಸಿದ ಫೋಟೋಗೆ ಅದನ್ನ ತೆಗೆದೋರ ಹೆಸರು ಹಾಕೋಕೆ ನಿಮಗೆ ಕೈ ನೋವಾ?" ಎನ್ನುವರು. ಹಿಂದೆಯೇ ಹುಡುಗಿಯರಿಗೆ ಎಚ್ಚರಿಕೆ: "ನಿಮ್ಮ ಹೆಸರು, ಫೋಟೋ ಸಿಕ್ಕಸಿಕ್ಕಲ್ಲಿ ಹಾಕಬೇಡಿ."

ಈ ಎಚ್ಚರಿಕೆಯೇ ಹತ್ತನೆಯ ಕ್ಲಾಸಿನ ನಶ್ವಳಿಗೆ ಮುಳುವಾಯಿತು. ಮದುವೆಗೆ ವಧೂವರರ ಹೆಸರು ಸೇರಿಸಿ ಹೊಸ ಹಾಡು ಬರೆಸುವುದು ನಮ್ಮ ರೂಢಿ. ಚಿಕ್ಕಮ್ಮನ ಮಗಳ ಮದುವೆಗೆ ನಶ್ವ ಹಾಡು ಬರೆದಳು. ಮೇಲೆ ಇಶಲ್ ಹೆಸರು ಹಾಕಿದಳು, ತನ್ನದನ್ನು ಬಿಟ್ಟಳು. ಮನೆಯವರ ವಾಟ್ಸಾಪ್ ಗುಂಪಿನಿಂದ ಅದು ಗಾಯಕ ಶಮ್ಮಾಸನ ಕೈಸೇರಿತು. ವಧೂವರರ ಹೆಸರು ಬದಲಿಸಿ, 'ರಚನೆ: ಶಮ್ಮಾಸ್' ಎಂದು ಯೂಟ್ಯೂಬಿಗೆ ಬಿಟ್ಟ. ಆಮೇಲೆ ಯಾವ ಮದುವೆ ಮನೆಗೆ ಹೋದರೂ ಅದೇ ಹಾಡು.

"ಟೀಚರೇ, ನೀವು ಹೇಳಿದ ಹಾಗೇ ಮಾಡಿದ್ನಲ್ಲ" ಎಂದು ನಶ್ವ ಅತ್ತಳು.

ಮೈಮೂನ ಟೀಚರ್ ಅವತ್ತು ಊಟ ಮಾಡಲಿಲ್ಲ. ನಶ್ವಳ ಉಮ್ಮ, ಅಂದರೆ ಅಮ್ಮನನ್ನು ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು, ಯೂಟ್ಯೂಬಿಗೆ ದೂರು ಕಳಿಸಿದರು. ವಿಡಿಯೋ ಮಾಯವಾಯಿತು. ಮರುದಿನವೇ ಶಮ್ಮಾಸ್ ಹೆಡ್‌ಮಾಸ್ಟರ ಕೋಣೆಯಲ್ಲಿ ಹಾಜರ್. ಸ್ಕೂಟರಿನಲ್ಲಿ ಮೀನು ಮಾರುವ ನಶ್ವಳ ಉಪ್ಪ ಕುಂಞಾಲಿಯನ್ನೂ ಮಾಶ್ ಕರೆಸಿದ್ದರು. ಟೀಚರ್ ನನ್ನ ಕೈ ಹಿಡಿದೆಳೆದುಕೊಂಡು ನಶ್ವಳ ಜೊತೆ ಒಳಗೆ ನಡೆದರು.

"ಹೆಸರೇ ಇಲ್ಲದ ಹಾಡು ಟೀಚರೇ, ಯಾರದಾದ್ರೇನು?" ಎಂದ ಶಮ್ಮಾಸ್.

"ಹೊರಗೆ ನಿಂತಿರೋ ನಿನ್ನ ಬೈಕ್ ಮೇಲೂ ಹೆಸರಿಲ್ಲ. ತಗೊಂಡು ಹೋಗ್ಲಾ?"

"ಟೀಚರೇ, ದೂರು ವಾಪಸ್ ತಗೊಳ್ಳಿ," ಎಂದರು ಮಾಶ್. "ಇಲ್ಲಾಂದ್ರೆ ಶಾಲೆ ನಡೆಸೋ ಮ್ಯಾನೇಜರಿಗೆ ನಿಮ್ಮ ಹೆಸರು ಹೇಳಬೇಕಾಗುತ್ತೆ."

"ಧಾರಾಳವಾಗಿ ಹೇಳಿ ಮಾಶೇ. ನನ್ನ ಹೆಸರು ಹೇಳೋಕೆ ನನ್ನ ಅನುಮತಿ ಇದೆ."

ನನಗೆ ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು. ಆದರೆ ಕುಂಞಾಲಿ ತಲೆ ತಗ್ಗಿಸಿ, "ಹಾಡು ಹೋದ್ರೆ ಹೋಗ್ಲಿ ಟೀಚರೇ. ಹೆಣ್ಮಗಳ ಹೆಸರು ಕಂಡೋರ ಮೊಬೈಲಲ್ಲಿ ಸುತ್ತೋದು ಬೇಡ" ಎಂದ.

"ಅವಳ ಹಾಡು ಸುತ್ತಬಹುದು, ಹೆಸರು ಸುತ್ತಬಾರದಾ ಇಕ್ಕಾ? ಫೋಟೋ ಬೇಡ, ವಿಳಾಸ ಬೇಡ, ಒಪ್ಪಿದೆ. ಬರೆದದ್ದನ್ನ ನಾನು ಬರೆದೆ ಅನ್ನಬೇಡ ಅಂತ ಈ ಮಗುಗೆ ಹೇಳೋಕೆ ಮಾತ್ರ ನನ್ನಿಂದ ಆಗಲ್ಲ."

ಶಮ್ಮಾಸ್ ನಕ್ಕ. "ಅಷ್ಟೇನಾ? ಹೆಣ್ಣಿನ ಹೆಸರಲ್ವಾ ತೊಂದರೆ? ರಚನೆ ಕುಂಞಾಲಿಕ್ಕ ಅಂತ ಹಾಕೋಣ. ಮನೇಲೇ ಉಳೀತು."

ಮಾಶ್ ಅವರ ಮುಖ ಅರಳಿತು. ನಶ್ವ ಉಪ್ಪನ ಕಡೆ ನೋಡದೆ ಕಿಟಕಿ ನೋಡತೊಡಗಿದಳು. ಕುಂಞಾಲಿ ಮಗಳ ಕಡೆ ತಿರುಗಿ ನೋಡಿದ. ಆಮೇಲೆ ಎದ್ದು ನಿಂತ.

"ಏನಂದೆ? ನಾನು ಜನ್ಮದಲ್ಲಿ ಒಂದು ಸಾಲು ಬರೆದೋನಲ್ಲ. ನೀನು ಕದ್ದದ್ದು ಸಾಲ್ದು ಅಂತ ನನ್ನ ಕೈಲೂ ಕದಿಸ್ತೀಯಾ, ಅದೂ ನನ್ನ ಮಗಳ ಹತ್ರ? ನನ್ನ ಹೆಸರು ಬೇಕೇ ಬೇಕಾದ್ರೆ ಬರ್ಕೋ: 'ರಚನೆ, ಮೀನು ಮಾರೋ ಕುಂಞಾಲಿಯ ಮಗಳು ನಶ್ವ.' ದೊಡ್ಡ ಅಕ್ಷರದಲ್ಲಿ ಬರಿ."