ಬಾವಿಗಿಳಿದ ಶಂಕ್ರೆವ್ವ

ಇಂಡಿ ಪಟ್ಟಣದ ಬಸ್ ನಿಲ್ದಾಣದ ಎದುರು ರಸ್ತೆ ದಾಟುವಾಗ, ನಟ್ಟನಡುವೆ, ಶಂಕ್ರೆವ್ವನ ಬಲ ಮೊಣಕಾಲು ಹಿಡಿದುಕೊಂಡಿತು. ಮುಂದಕ್ಕೆ ಎತ್ತಿಡಲು ಬರಲಿಲ್ಲ, ಹಿಂದಕ್ಕೆ ಸರಿಯಲೂ ಬರಲಿಲ್ಲ. ಪಕ್ಕದಿಂದ ಕಬ್ಬು ಹೇರಿಕೊಂಡ ಲಾರಿ ಬರುತ್ತಿತ್ತು. ಓಡು ಓಡು ಎಂದು ಮನಸ್ಸು ಕೂಗುತ್ತಿತ್ತು, ಕಾಲು ಕೇಳುತ್ತಿರಲಿಲ್ಲ. ಲಾರಿ ಕಿರ್ರೆಂದು ನಿಂತಾಗ ಅದರ ಬಿಸಿಗಾಳಿ ಅವಳ ಮುಖಕ್ಕೆ ಬಡಿಯಿತು.

"ಏ ಯವ್ವಾ, ಸಾಯಾಕ ನಿಂತೀ ಏನ?" ಎಂದು ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಬೈದ.

ಯಾರೋ ಇಬ್ಬರು ಹೆಂಗಸರು ರಟ್ಟೆ ಹಿಡಿದು ಅವಳನ್ನು ಆಚೆ ದಂಡೆಗೆ ದಾಟಿಸಿದರು. ಸಿಂದಗಿಯಲ್ಲಿದ್ದ ತಂಗಿಯ ಮನೆಗೆ ಹೊರಟಿದ್ದವಳು ಬಸ್ಸು ಹತ್ತಲಿಲ್ಲ. ಅಲ್ಲೇ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿದು ಸುಧಾರಿಸಿಕೊಂಡ ಮೇಲೆ ಆಟೋ ಹಿಡಿದು ಮನೆಗೆ ತಿರುಗಿದಳು.

ಶಂಕ್ರೆವ್ವನಿಗೆ ಐವತ್ತು ದಾಟಿತ್ತು. ಇಂಡಿಯ ಹತ್ತಿರದ ಹಳ್ಳಿಯಲ್ಲಿ ಲಿಂಬೆಯ ತೋಟ, ತೋಟದಲ್ಲೇ ಮನೆ. ಗಂಡ ಸಿದಗೊಂಡಪ್ಪ ಹೆಚ್ಚು ಮಾತಿನವನಲ್ಲ. ಮಗ ಅಮಿತ ಇಂಡಿಯಲ್ಲಿ ಗೊಬ್ಬರದ ಅಂಗಡಿ ನಡೆಸುತ್ತಿದ್ದ. ಸೊಸೆ ಐಶ್ವರ್ಯ ಭೀಮಾ ನದಿಯ ದಂಡೆಯ ಊರಿನವಳು, ಮದುವೆಯಾಗಿ ಬಂದು ವರ್ಷ ದಾಟಿತ್ತು. ಅತ್ತೆ ಸೊಸೆಗೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. "ಹೊಳಿ ದಂಡಿ ಹುಡುಗಿ, ರೊಟ್ಟಿ ಬಡ್ಯಾಕ ಬರೂದಿಲ್ಲ, ನಗೂದ ಮಾತ್ರ ಊರಿಗೆಲ್ಲ ಕೇಳ್ತೈತಿ" ಎಂದು ಲಿಂಬೆಕಾಯಿ ಹರಿಯಲು ಬರುವ ಸಾತವ್ವನ ಮುಂದೆ ಶಂಕ್ರೆವ್ವ ಆಡಿಕೊಂಡದ್ದು ಐಶ್ವರ್ಯಳ ಕಿವಿಗೂ ಬಿದ್ದಿತ್ತು.

ವಿಜಯಪುರದ ಎಲುಬಿನ ಡಾಕ್ಟರು ಹಿಂದೆಯೇ ಹೇಳಿದ್ದರು. ಕೀಲು ಸವೆದಿದೆ, ತೂಕ ಇಳಿಯಬೇಕು, ನೆಲದ ಮೇಲೆ ನಡೆದರೆ ನೋವು ಹೆಚ್ಚುತ್ತದೆ, ಅದಕ್ಕೆ ನೀರಿನಲ್ಲಿ ಕೈಕಾಲು ಆಡಿಸಿ, ಮೈಭಾರವನ್ನು ನೀರೇ ಹೊರುತ್ತದೆ ಎಂದು. ಆಗ ಶಂಕ್ರೆವ್ವ ನಕ್ಕುಬಿಟ್ಟಿದ್ದಳು. ಆಮೇಲೆ ಕಾಯಿ ಹರಿಯುವ ಹಂಗಾಮು ಮುಗಿಯಲಿ ಎಂದಳು. ಅದು ಮುಗಿದ ಮೇಲೆ ಮಗನ ಮದುವೆಯಾಗಲಿ ಎಂದಳು. ಮದುವೆಯೂ ಆಯಿತು. ಇಂಡಿಯಲ್ಲಿ ಈಜುಕೊಳವಾದರೆ ನೋಡೋಣ ಎಂಬುದು ಕೊನೆಯ ಮಾತಾಗಿ ಉಳಿಯಿತು.

ಆದರೆ ಲಾರಿಯ ದಿನ ಅವಳು ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತಾಗ ಕಣ್ಣಮುಂದೆ ಬಂದದ್ದು ಲಾರಿಯಲ್ಲ, ಸಿಂದಗಿಯಲ್ಲಿ ತೀರಿಕೊಂಡ ಅವ್ವ. ಅವಳ ಮೊಣಕಾಲು ನೋವೂ ಹೀಗೇ ಶುರುವಾಗಿತ್ತು. ಕೊನೆಯ ವರ್ಷಗಳಲ್ಲಿ ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು, ಪಾಯಖಾನೆಗೆ ಎತ್ತಿಕೊಂಡು ಹೋಗಲು ಯಾರನ್ನಾದರೂ ಕರೆಯಬೇಕಲ್ಲ ಎಂದು. ತುಟಿ ಒಣಗಿ ಸೀಳಿದ ಅವ್ವನ ಮುಖ ನೆನಪಾಗಿ ಶಂಕ್ರೆವ್ವ ಬದಿಯಲ್ಲಿದ್ದ ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು.

ಐಶ್ವರ್ಯ ಬಿಸಿ ಎಣ್ಣೆ ತಂದು ಕಾಲ ಬಳಿ ಕುಳಿತಳು. ತಿಕ್ಕುತ್ತ, ತಲೆ ಎತ್ತದೆ ಹೇಳಿದಳು.

"ಅತ್ತೀ, ನಂಗ ಈಸು ಚೊಲೊ ಬರ್ತೈತ್ರಿ. ನಮ್ಮ ಭಾವ್ಯಾಗ ನಾ ಕಲಿಸ್ತೇನಿ."

"ಭಾವ್ಯಾಗ? ತಲಿ ಕೆಟ್ಟೈತೇನ ನಿಂಗ?"

"ಇಳಿಯಾಕ ಪಾವಟಿಗಿ ಅದಾವಲ್ರಿ. ಪಾವಟಿಗಿ ಮ್ಯಾಲೆ ನಿಂತ ಕಾಲ ಆಡಿಸಿದ್ರೂ ಆತು."

"ಥಂಡಿ ಹೋಗ್ಲಿ, ನೋಡೂಣ."

"ಥಂಡಿ ಹೋಗೂದ್ರಾಗ ನೀರ ತಳಕ್ಕ ಹೋಗ್ತೈತ್ರಿ. ಈಗ ಐತಿ."

ತೋಟದ ಆ ಬಾವಿಯನ್ನು ಶಂಕ್ರೆವ್ವ ಮದುವೆಯಾಗಿ ಬಂದಾಗಿನಿಂದ ನೋಡಿದ್ದಳು, ಬಗ್ಗಿ ನೋಡಿರಲಿಲ್ಲ. ಹೆಂಗಸು ಒಬ್ಬಳೇ ಬಾವಿಯ ಕಡೆ ಹೋದರೆ ಊರವರ ಮನಸ್ಸು ಓಡುವುದು ಒಂದೇ ಕಡೆಗೆ. ಚಿಕ್ಕಂದಿನಲ್ಲಿ ಓಣಿಯ ಒಬ್ಬ ಸೊಸೆಯನ್ನು ಹಗ್ಗ ಹಾಕಿ ಮೇಲೆತ್ತಿದ್ದನ್ನು ಅವಳು ಅವ್ವನ ಸೆರಗಿನ ಮರೆಯಿಂದ ಕಂಡಿದ್ದಳು. ಇಲ್ಲಿ ತಾನೇ ಇಳಿಯಬೇಕು, ಅದೂ ತಾನು ಆಡಿಕೊಂಡ ಸೊಸೆಯ ಕೈ ಹಿಡಿದು.

ಆದರೂ ಮರುದಿನ ಬಿಸಿಲೇರಿದ ಮೇಲೆ ಅಮಿತನ ಹಳೆಯ ಪ್ಯಾಂಟು, ಗಂಡನ ಅಂಗಿ ಹಾಕಿಕೊಂಡು, ಮೇಲೆ ಶಾಲು ಹೊದ್ದು ಬಾವಿಗೆ ಹೋದಳು. ಸೀರೆ ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದಿದ್ದಳು ಐಶ್ವರ್ಯ. ನೀರಿಗೆ ಕರೆಂಟು ಹರಿದೀತು ಎಂಬ ಅಂಜಿಕೆಗೆ ಸಿದಗೊಂಡಪ್ಪ ಬಾವಿಯ ನೀರೆತ್ತುವ ಮೋಟರಿನ ಫ್ಯೂಜು ಕಿತ್ತು ಕಿಸೆಯಲ್ಲಿ ಇಟ್ಟುಕೊಂಡ. ಶಂಕ್ರೆವ್ವ ಕುಂಡಿಯ ಮೇಲೆ ಕುಳಿತು, ಒಂದೊಂದೇ ಪಾವಟಿಗೆ ಜಾರುತ್ತ ಇಳಿದಳು. ನೀರು ಮೀನಖಂಡಕ್ಕೆ ಮುಟ್ಟಿದಾಗ ಉಸಿರು ಕಟ್ಟಿತು. ಕೆಳಗೆ ಹಸಿರಾಗಿ ಶುರುವಾದ ನೀರು ಕರ್ರಗಾಗಿ ಮುಗಿಯುತ್ತಿತ್ತು. ಗೋಡೆಯ ಸಂದಿಯಿಂದ ನೀರುಹಾವೊಂದು ಜಾರಿ ಆಚೆ ದಂಡೆಗೆ ಹೋಯಿತು.

"ಅಂಜಬ್ಯಾಡ್ರಿ ಅತ್ತಿ, ಅದಕ್ಕ ನಮ್ಮದ ಅಂಜಿಕಿ" ಎಂದು ಐಶ್ವರ್ಯ ನಕ್ಕಳು. ಆ ನಗು ಬಾವಿಯ ಗೋಡೆಗೆಲ್ಲ ಬಡಿದು ದೊಡ್ಡದಾಗಿ ಕೇಳಿತು.

ಮೊದಮೊದಲು ಕಲ್ಲು ಹಿಡಿದು ಕಾಲು ಬಡಿದದ್ದಷ್ಟೇ. ಬರಬರುತ್ತ ನೀರು ಎದೆಯವರೆಗೆ ಬಂದರೂ ತಾಳಿಕೊಂಡಳು. ಅಲ್ಲಿ ಮೊಣಕಾಲು ಮಡಿಚಿದರೆ ನೋಯುವುದಿಲ್ಲ ಎಂಬುದನ್ನು ನಂಬಲು ಅವಳಿಗೆ ಮೊದಲು ಆಗಲೇ ಇಲ್ಲ. ಆದರೂ ದಿನಾ ಮುಂಜಾನೆ ಎದ್ದ ಕೂಡಲೇ ಇವತ್ತು ಬೇಡ ಎನ್ನಲು ಒಂದು ಕಾರಣ ಹುಡುಕುತ್ತಿದ್ದಳು, ಹೇಳುವುದರೊಳಗೆ ಐಶ್ವರ್ಯ ಶಾಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು.

ಒಂದು ದಿನ ಐಶ್ವರ್ಯ ಅವಳ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿ, "ಇವತ್ತ ಕಲ್ಲ ಬಿಡ್ರಿ, ನಾ ಮುಂದ ಇರ್ತೇನಿ" ಎಂದಳು. ಶಂಕ್ರೆವ್ವ ಕಣ್ಣು ಮುಚ್ಚಿ ಕಲ್ಲು ಬಿಟ್ಟಳು. ಒಂದು ಗಳಿಗೆ ಮೈ ತೇಲಿತು. ಅಷ್ಟರಲ್ಲಿ ಗಂಟು ಸಡಿಲಾಗಿ ಕ್ಯಾನು ಪುಟಕ್ಕನೆ ಜಾರಿಹೋಯಿತು.

ಕಿರುಚಲು ಬಾಯಿ ತೆರೆದರೆ ನೀರು ಒಳಗೆ ನುಗ್ಗಿತು. ಕಾಲಿಗೆ ಏನೂ ಸಿಗಲಿಲ್ಲ. ಕೈಗೆ ಸಿಕ್ಕಿದ್ದು ಐಶ್ವರ್ಯಳ ಕುತ್ತಿಗೆ. ಅದನ್ನು ಅಪ್ಪಿ ಹಿಡಿದಳು. ಇಬ್ಬರೂ ಕೆಳಗೆ ಹೋದರು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಕಣ್ಣಲ್ಲಿ ಕಪ್ಪು. ಆಗ ಸೊಸೆಯ ಕಾಲು ಅವಳ ಎದೆಗೆ ಜೋರಾಗಿ ಒದ್ದಿತು. ಹಿಡಿತ ಬಿಟ್ಟುಹೋಯಿತು. 'ಕೊಂದಳು' ಎಂದುಕೊಂಡಳು ಶಂಕ್ರೆವ್ವ. ಅದೇ ಕೊನೆಯ ಯೋಚನೆ ಎಂದೂ ಅನಿಸಿತು.

ಆದರೆ ಹಿಂದಿನಿಂದ ಒಂದು ಕೈ ಗದ್ದದ ಕೆಳಗೆ ಬಂತು. ಮುಖ ಮೇಲಾಯಿತು. ಬೆನ್ನಿಗೆ ಕಲ್ಲು ತಾಗಿತು.

ಐಶ್ವರ್ಯಳ ಕೂಗು ಕೇಳಿದ ಸಾತವ್ವ ಬಾವಿಯ ದಂಡೆಗೆ ಓಡಿಬಂದು ಬಗ್ಗಿ ನೋಡಿದವಳೇ, "ಯಪ್ಪೋ, ಸೊಸಿ ಅತ್ತಿನ ಭಾವ್ಯಾಗ ನೂಕ್ಯಾಳ, ಬರ್ರ್ಯೋ!" ಎಂದು ಬೊಬ್ಬೆ ಹಾಕಿದಳು. ಸುತ್ತಲಿನ ಹೊಲದವರೆಲ್ಲ ಓಡಿಬಂದರು. ಸಿದಗೊಂಡಪ್ಪ ಪಾವಟಿಗೆ ಇಳಿದು ಹೆಂಡತಿಯನ್ನು ಎತ್ತಿ ಕೂರಿಸಿದ. ಅವಳು ನೀರು ಕಾರುತ್ತಿದ್ದಳು.

"ಏನಾತು? ಆಕಿ ನೂಕಿದಳೇನ?" ಎಂದು ಅವನು ಕೇಳಿದ.

ಶಂಕ್ರೆವ್ವ ಸೊಸೆಯ ಮುಖ ನೋಡಿದಳು. ಉತ್ತರ ಅವಳಿಗೇ ತಿಳಿದಿರಲಿಲ್ಲ. ಎದೆಯ ಮೇಲೆ ಒದೆತ ಇನ್ನೂ ಉರಿಯುತ್ತಿತ್ತು. ಮುಖ ತಿರುಗಿಸಿ ಮತ್ತೆ ನೀರು ಕಾರಿದಳು. ನಿಂತವರು ಆ ಮೌನವನ್ನೇ ಮಾತಾಗಿ ಮಾಡಿಕೊಂಡು ಮನೆಗೆ ಹೋದರು. ಊಟದ ಹೊತ್ತಿಗೆ ಸುದ್ದಿ ಇಂಡಿಯ ಅಂಗಡಿಗೂ ಮುಟ್ಟಿ, ಅಮಿತ ಬೈಕು ಹಾರಿಸಿಕೊಂಡು ಬಂದ.

"ಸಾಕ್ ಬಿಡವ್ವಾ, ಇಬ್ಬರೂ ಭಾವಿ ಕಡೆ ಹೋಗಬ್ಯಾಡ್ರಿ. ಇಂಡ್ಯಾಗ ಈಜುಕೊಳ ಇವತ್ತಿಲ್ಲಾ ನಾಳಿ ಆಗ್ತೈತಿ, ತಡಿ" ಎಂದ. ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ.

ಶಂಕ್ರೆವ್ವ ಗೋಡೆ ಹಿಡಿದು ಹಿತ್ತಲಿಗೆ ಹೋದಾಗ ಐಶ್ವರ್ಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಫೋನಿನಲ್ಲಿ ತವರಿನವರೊಂದಿಗೆ ಮಾತಾಡುತ್ತಿದ್ದಳು. ಧ್ವನಿ ಬಿಕ್ಕುತ್ತಿತ್ತು.

"ಅತ್ತಿಗಿ ಏನರ ಆಗಿದ್ರ ನನ್ನ ಯಾರ ನಂಬ್ತಿದ್ರವ್ವಾ? ಒದೀಲಿಲ್ಲಂದ್ರ ಇಬ್ಬರೂ ಹೋಗ್ತಿದ್ವಿ. ಈಗ ನಿನ್ನ ಅಳಿಯಾರೂ ನನ್ನ ಕೂಡ ಮಾತಾಡವಲ್ರು. ನಂಗ ಬಾಳ ಅಂಜಿಕಿ ಬರಾಕತ್ತೈತಿ."

ಅವಳ ಕುತ್ತಿಗೆಯ ಎರಡೂ ಕಡೆ ಉಗುರಿನ ಗೀರುಗಳು ಕೆಂಪಗೆ ಬಾತುಕೊಂಡಿದ್ದವು. ಶಂಕ್ರೆವ್ವ ತನ್ನ ಕೈ ನೋಡಿಕೊಂಡಳು. ಮುಳುಗುತ್ತಿದ್ದವಳು ತಾನು, ಮುಳುಗಿಸುತ್ತಿದ್ದವಳೂ ತಾನೇ.

ಅವಳು ಪಡಸಾಲೆಗೆ ಬಂದು, ಅಂಗಳದಲ್ಲಿ ಕಾಯಿ ಆರಿಸುತ್ತಿದ್ದ ಸಾತವ್ವನನ್ನೂ ಕೂಗಿ ಕರೆದಳು. ಗಂಡ, ಮಗ ಇಬ್ಬರೂ ಅಲ್ಲೇ ಇದ್ದರು.

"ನಾನ ಆಕಿ ಕುತ್ತಿಗಿ ಹಿಡದ ತಳಕ್ಕ ಒಯ್ದಿದ್ನಿ. ಆಕಿ ಬಿಡಿಸ್ಕೊಂಡ ನನ್ನ ಎಳದ ತಂದಾಳ. ಸಾತವ್ವಾ, ಮುಂಜಾನೆ ಹೆಂಗ ಒದರಿದ್ಯೋ ಇದನ್ನೂ ಹಂಗ ಊರಾಗೆಲ್ಲ ಒದರು."

ಸಾತವ್ವ ತಲೆ ತಗ್ಗಿಸಿದಳು. ಅಮಿತ ಎದ್ದು ಹಿತ್ತಲಿಗೆ ಹೋದ.

"ಮತ್ತ ಇಳೀತಿ ಏನ?" ಸಿದಗೊಂಡಪ್ಪ ಕೇಳಿದ.

"ಅಂಜಿಕಿ ಬರ್ತೈತ್ರಿ. ಆದ್ರ ಈಜುಕೊಳ ಆಗೂಮಟ ಈ ಕಾಲ ತಡೀತಾವಂತ ಯಾರ ಹೇಳ್ಯಾರ?"

ಎದೆಯ ನೋವು ಇಳಿದ ಮೇಲೆ ಅವರು ಮತ್ತೆ ಹೋದರು. ಈ ಸಲ ಶಂಕ್ರೆವ್ವನ ನಡುವಿಗೆ ದಪ್ಪ ಹಗ್ಗ, ಹಗ್ಗದ ತುದಿ ಮೇಲೆ ಸಿದಗೊಂಡಪ್ಪನ ಕೈಯಲ್ಲಿ. ಪಾವಟಿಗೆ ಇಳಿಯುವಾಗ ಹಲ್ಲು ಕಟಕಟ ಎಂದವು, ಮೂತ್ರಕ್ಕೆ ಅವಸರವಾದಂತಾಯಿತು. ಪಕ್ಕದಲ್ಲಿ ಐಶ್ವರ್ಯ ಹಗ್ಗದ ಗಂಟನ್ನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದಳು. ಅವಳೀಗ ನಗುತ್ತಿರಲಿಲ್ಲ.

"ನಿಂಗೂ ಅಂಜಿಕಿ ಏನ?"

"ಹೌದ್ರಿ ಅತ್ತಿ."

"ಮತ್ತ ಕುತ್ತಿಗಿ ಹಿಡದ್ರ ಮತ್ತ ಒದಿ. ನಾ ಏನೂ ಅನ್ನೂದಿಲ್ಲ."

ಶಂಕ್ರೆವ್ವ ಕಲ್ಲು ಬಿಟ್ಟಳು. ಕಣ್ಣು ಮುಚ್ಚಲಿಲ್ಲ. ಮೇಲೆ ದುಂಡಗೆ ಕತ್ತರಿಸಿದಂಥ ಆಕಾಶ, ಅದರ ಅಂಚಿನಲ್ಲಿ ಗಂಡನ ರುಮಾಲು ಕಂಡವು. ಗುಂಡಿಗೆ ಕಿವಿಯಲ್ಲಿ ಬಡಿಯುತ್ತಿತ್ತು, ಆದರೂ ನೀರು ಅವಳನ್ನು ಎತ್ತಿ ಹಿಡಿದುಕೊಂಡೇ ಇತ್ತು.

ಬೇಸಿಗೆಗೆ ನೀರು ಇಳಿಯುವವರೆಗೂ ಅವಳು ಬಿಡಲಿಲ್ಲ. ಮೊಣಕಾಲು ಹೊಸದಾಗಲಿಲ್ಲ, ಥಂಡಿಗೆ ಈಗಲೂ ಹಿಡಿಯುತ್ತದೆ. ಆದರೆ ಗೋಡೆ ಹಿಡಿಯದೆ ಏಳುತ್ತಾಳೆ, ತೋಟದ ತುದಿಯವರೆಗೆ ಹೋಗಿಬರುತ್ತಾಳೆ. ಡಾಕ್ಟರು ಕಾಲು ಮಡಿಚಿ ನೋಡಿ, ಆಪರೇಶನ್ ಸದ್ಯಕ್ಕೆ ಬೇಡ, ಮಾಡುತ್ತಿರುವುದನ್ನು ಬಿಡಬೇಡಿ ಎಂದರು. ಅಂಜಿಕೆ ಮಾತ್ರ ಹೋಗಲಿಲ್ಲ. ಅದು ಹೋಗಲಿ ಎಂದು ಕಾಯುವುದನ್ನು ಅವಳು ಬಿಟ್ಟಳು, ಅಷ್ಟೆ.

ಮಳೆ ಬಿದ್ದು ಬಾವಿ ಮತ್ತೆ ತುಂಬಿದಾಗ ಐಶ್ವರ್ಯ ಹೆರಿಗೆಗೆ ತವರಿಗೆ ಹೋಗಿದ್ದಳು. ಆಗ ಜೊತೆಗೆ ಬಂದವಳು ಪಕ್ಕದ ಹೊಲದ ಸುಲ್ತಾನಬಿ, ಸೊಂಟದ ನೋವಿನವಳು. ಪಾವಟಿಗೆಯ ಮೇಲೆ ಕುಳಿತು, ಎರಡೂ ಕೈಯಿಂದ ಕಲ್ಲನ್ನು ಅಪ್ಪಿಕೊಂಡಿದ್ದಳು.

"ಶಂಕ್ರಕ್ಕಾ, ಆಳ ಎಷ್ಟೈತಿ?"

"ನಾ ನೋಡಿಲ್ಲವ್ವಾ, ನೋಡೂದೂ ಇಲ್ಲ" ಎಂದಳು ಶಂಕ್ರೆವ್ವ, ಮೇಲೆ ಕುಳಿತ ಗಂಡನಿಗೆ ಹಗ್ಗ ಬಿಗಿ ಹಿಡಿಯಲು ಸನ್ನೆ ಮಾಡುತ್ತ. "ನೀ ಮೊದ್ಲ ಕಾಲ ಇಳಿಬಿಡು."