ಅನಗವಾಡಿಯ ಹಿನ್ನೀರಿನಲ್ಲಿ ಮೂರು ಹಾಯಿದೋಣಿಗಳು

ಫೆಬ್ರವರಿಯ ಒಂದು ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಜಮಖಂಡಿ ನಿಲ್ದಾಣದಲ್ಲಿ ಬೀಳಗಿಯ ಬಸ್ಸು ಹತ್ತಿದೆ. ಚೀಲದಲ್ಲಿ ಎರಡು ಸೀರೆ, ಒಂದು ಸ್ವೆಟರು, ದೋಣಿಯಲ್ಲಿ ಹೊಟ್ಟೆ ತೊಳಸಿದರೆ ಇರಲಿ ಎಂದು ಔಷಧಿ ಅಂಗಡಿಯವನು ಕೊಟ್ಟ ನಾಲ್ಕು ಗುಳಿಗೆ. ಆಗ ನನಗೆ ಐವತ್ತೊಂದು ವರ್ಷ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ ಕಾಲು ಶತಮಾನ ಕಳೆದಿತ್ತು. ನೀರಿನ ಮೇಲೆ ಹೋಗಿದ್ದೆಂದರೆ ಚಿಕ್ಕಂದಿನಲ್ಲಿ ಕೃಷ್ಣೆ ದಾಟಲು ಹರಿಗೋಲಿನಲ್ಲಿ ಕುಳಿತದ್ದಷ್ಟೆ.

ಕರೆದವನು ನನ್ನ ಸೋದರಮಾವನ ಮಗ ದಿನಕರ. ಹಡಗಿನ ಕಂಪನಿಯೊಂದರಲ್ಲಿ ದುಡಿದು ಮುಂಬೈಯಲ್ಲಿ ನಿವೃತ್ತನಾಗಿದ್ದ. ಹಲವು ದೇಶಗಳ ಸದಸ್ಯರಿರುವ ಹಾಯಿದೋಣಿ ಬಳಗವೊಂದನ್ನು ಸೇರಿದ್ದ. ಇವರು ವರ್ಷಕ್ಕೊಮ್ಮೆ ಯಾರಾದರೊಬ್ಬ ಸದಸ್ಯನ ಊರಿನ ನೀರಿಗೆ ಹೋಗಿ ಸೇರುತ್ತಾರೆ, ಒಟ್ಟಿಗೆ ಊಟ ಮಾಡುತ್ತಾರೆ, ಮುಮ್ಮೂಲೆ ಬಾವುಟಗಳನ್ನು ಬದಲಾಯಿಸಿಕೊಳ್ಳುತ್ತಾರೆ, ಎರಡು ದಿನ ಹಾಯಿ ಬಿಚ್ಚಿ ತಿರುಗುತ್ತಾರೆ. ಆ ವರ್ಷ ಕರೆಯುವ ಸರದಿ ದಿನಕರನದು. ಎಲ್ಲರೂ ಗೋವಾ ಎಂದುಕೊಂಡಿದ್ದರು. ಇವನು ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಎಂದ. ತಾನು ಹುಡುಗನಾಗಿದ್ದಾಗ ಇಲ್ಲದ ಸಮುದ್ರವೊಂದು ಈಗ ತನ್ನ ತಾಯಿಯ ಸೀಮೆಯಲ್ಲಿದೆ ಎಂದು ಪತ್ರ ಬರೆದು ಅವರನ್ನು ಒಪ್ಪಿಸಿದ.

"ನೀ ಬರಲೇಬೇಕು," ಎಂದಿದ್ದ ಫೋನಿನಲ್ಲಿ. "ನನ್ನ ಕನ್ನಡ ಅರ್ಧ ಮರತ ಹೋಗೈತಿ. ಅಲ್ಲಿ ಮಂದಿ ಹೇಳಿದ್ದು ಇವರಿಗೆ ತಿಳಿಸಾಕ ನೀನ ಬೇಕು."

ಹೊಗಳಿಸಿಕೊಳ್ಳುವುದು ಯಾರಿಗೆ ಬೇಡ? ಒಪ್ಪಿಕೊಂಡೆ.

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೆ ಎರಡೆರಡು ಟ್ರೇಲರು. ಹಿಂದೆ ಬಿದ್ದ ಬಸ್ಸು ತೆವಳಬೇಕು. ಬೀಳಗಿಯಲ್ಲಿ ಇಳಿದು ಚಹಾ ಕುಡಿದು, ಬಾಗಲಕೋಟೆ ಕಡೆಯ ಇನ್ನೊಂದು ಬಸ್ಸಿನಲ್ಲಿ ನಿಂತೇ ಅನಗವಾಡಿಗೆ ಬಂದೆ. ಎರಡೂ ಬಸ್ಸಿನ ಟಿಕೆಟ್ಟು ಸೇರಿ ಐವತ್ತು ರೂಪಾಯಿಯೂ ಆಗಲಿಲ್ಲ. ತಿರುವಿನಲ್ಲಿ ಒಮ್ಮೆಲೆ ನೀರು ಕಂಡಿತು. ಆಚೆ ದಡ ಬಿಸಿಲಿನ ಝಳದಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಈಚೆ ದಂಡೆಯಲ್ಲಿ ನೀರು ಇಳಿದು ಬಿಟ್ಟುಹೋದ ಕರಿಮಣ್ಣು ಒಡೆದು ಹೆಂಚಿನ ಚೂರಿನಂತಾಗಿತ್ತು.

ದಂಡೆಯ ಹೊಲವೊಂದರಲ್ಲಿ ಡೇರೆ ಹಾಕಿದ್ದರು. ಮೂರು ದೋಣಿಗಳು ಮುಂಬೈಯಿಂದ ಲಾರಿಯಲ್ಲಿ ಬಂದಿದ್ದವು. ಬಂದವರು ಹನ್ನೊಂದು ಜನ, ಹೆಚ್ಚಿನವರು ಅರವತ್ತು ದಾಟಿದವರು. ಅವರಲ್ಲಿ ನನಗೆ ಮೊದಲು ಹತ್ತಿರವಾದವರು ಹಾಲೆಂಡಿನ ದಂಪತಿ, ಹಾನ್ಸ್ ಮತ್ತು ಮಾರ್ಗ್ರೀಟ್. ಹಾನ್ಸ್‌ಗೆ ಎಪ್ಪತ್ತೊಂದು. ಎತ್ತರದ ಆಳು, ಕಿವಿ ಸ್ವಲ್ಪ ಮಂದ, ಎಲ್ಲ ಮಾತಿಗೂ ಮೊದಲೇ ನಗುವ ಸ್ವಭಾವ. ಮಾರ್ಗ್ರೀಟ್ ಶಾಲಾ ಶಿಕ್ಷಕಿಯಾಗಿದ್ದವರು, ಪ್ರಶ್ನೆ ಕೇಳಿದರೆ ಉತ್ತರ ಮುಗಿಯುವವರೆಗೂ ಕಣ್ಣು ಕದಲಿಸುತ್ತಿರಲಿಲ್ಲ. "ನಮ್ಮಲ್ಲಿ ಸಮುದ್ರವನ್ನು ಹಿಂದೆ ತಳ್ಳಿ ಊರು ಕಟ್ಟಿದರು. ಇಲ್ಲಿ ಊರಿನ ಮೇಲೆ ನೀರು ತಂದರು. ಆ ಜನ ಎಲ್ಲಿ ಹೋದರು?" ಎಂದು ಕೇಳಿದರು. ನಾನು ದಿಬ್ಬದ ಮೇಲಿನ ಪುನರ್ವಸತಿ ಊರಿನ ತಗಡುಗಳನ್ನು ತೋರಿಸಿದೆ.

ಆ ಊರಿನವನೇ ಬೀರಪ್ಪ. ನಲವತ್ತೈದರ ಆಸುಪಾಸಿನ ಗಟ್ಟಿಮುಟ್ಟಾದ ಮನುಷ್ಯ. ಕುರಿ ಕಾಯುವ ಮನೆತನ. ಅಡವಿ, ಹೊಲ, ಊರು ಎಲ್ಲ ಮುಳುಗಿದ ಮೇಲೆ ಕುರಿ ಮಾರಿ ಮೀನಿನ ಬಲೆ ಹಿಡಿದಿದ್ದ. ದಿನಕರ ಅವನನ್ನೂ ಅವನ ದೋಣಿಯನ್ನೂ ಎರಡು ದಿನಕ್ಕೆ ಗೊತ್ತುಮಾಡಿದ್ದ. ಅವನ ಹೆಂಡತಿ ಮಾಳವ್ವ ನಮಗೆ ಅಡುಗೆ ಮಾಡಿದಳು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗೋಧಿ-ಬೆಲ್ಲದ ಮಾದಲಿ. ಹಾನ್ಸ್ ಮಾದಲಿಯನ್ನು ಎರಡು ಸಲ ಹಾಕಿಸಿಕೊಂಡರು. "ಈ ಅಜ್ಜಾ ಉಣ್ಣೂದು ನೋಡಿದ್ರ ಮಾಡಿದ್ದು ಸಾರ್ಥಕ ಆತ್ರಿ," ಎಂದಳು ಮಾಳವ್ವ. ನಾನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆಯ ಕೂಟ ಹೊತ್ತು ಮುಳುಗುವಾಗ ನಡೆಯಿತು. ಬಾವುಟ ಬದಲಾಯಿಸಿಕೊಂಡರು. ಆ ವರ್ಷ ತೀರಿಕೊಂಡ ಸದಸ್ಯರ ಹೆಸರು ಓದಿ, ಒಂದು ಸಣ್ಣ ಹಿತ್ತಾಳೆ ಗಂಟೆ ಬಾರಿಸಿ, ಒಂದು ನಿಮಿಷ ಸುಮ್ಮನೆ ನಿಂತರು. ಮೂರು ಹೆಸರುಗಳಿದ್ದವು.

ಶನಿವಾರ ಬೆಳಿಗ್ಗೆ ಗಾಳಿ ಇರಲಿಲ್ಲ. ಹತ್ತರ ಹೊತ್ತಿಗೆ ನೀರಿನ ಮೇಲೆ ಸುಕ್ಕು ಎದ್ದಿತು. ದೋಣಿಗಳನ್ನು ಇಳಿಸುವಾಗ ಬೀರಪ್ಪ ನನ್ನನ್ನು ಪಕ್ಕಕ್ಕೆ ಕರೆದ. ಕೈ ಚಾಚಿ, ಎರಡು ಹೊಲದಾಚೆ ಎನ್ನುವಷ್ಟು ದೂರದ ನೀರನ್ನು ತೋರಿಸಿದ.

"ಅಕ್ಕಾರ, ಅಲ್ಲಿ ನಮ್ಮ ಊರು ಐತ್ರಿ. ಹಾಯಿ ಹಚ್ಚಿ ಆ ಕಡಿ ಹೋಗಬ್ಯಾಡಂತ ಹೇಳ್ರಿ ಅವರಿಗೆ. ಊರು ಮ್ಯಾಲ ಬರಾಕತ್ತೈತಿ."

ನಾನು ಅವನ ಮುಖ ನೋಡಿದೆ. ಗಡ್ಡ ಬೋಳಿಸದ ಮುಖ, ಬಿಸಿಲಿಗೆ ಕಿರಿದಾದ ಕಣ್ಣು. ಊರು ಕಳೆದುಕೊಂಡವನ ಸಂಕಟ ಮಾತಾಡುತ್ತಿದೆ ಎನಿಸಿತು. ಮುಳುಗಿದ ಊರು ಅವನ ಮನಸ್ಸಿನಲ್ಲಿ ಮೇಲೆ ಬರುತ್ತಿದೆ. ಅದರ ತಲೆಯ ಮೇಲೆ ಬಣ್ಣಬಣ್ಣದ ಹಾಯಿ ಹಚ್ಚಿ ಮೋಜು ಮಾಡುವುದು ಅವನಿಗೆ ಬೇಡ. ಹೀಗೆಂದುಕೊಂಡೆ. ಅವನನ್ನು ಇನ್ನೊಂದು ಮಾತು ಕೇಳಲಿಲ್ಲ.

ಎಲ್ಲರನ್ನೂ ಕೂಡಿಸಿ ಹೇಳಿದೆ: "ಅಲ್ಲಿ ಇವನು ಹುಟ್ಟಿದ ಊರಿದೆ. ಅದು ಇವನಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅದರ ಮೇಲೆ ಮೋಜಿಗಾಗಿ ಹೋಗಬೇಡಿ, ಗೌರವದಿಂದ ನಡೆದುಕೊಳ್ಳಿ ಎನ್ನುತ್ತಾನೆ."

ಮಾರ್ಗ್ರೀಟ್ ಕೇಳಿದರು, "ನಾವು ಅಲ್ಲಿಗೆ ಹೋಗದಿರುವುದೇ ಅವನಿಗೆ ಇಷ್ಟವೇ?"

"ಗೌರವದಿಂದ ಹೋದರೆ ಅವನಿಗೆ ಸಂತೋಷವೇ ಆದೀತು," ಎಂದೆ. ಅದನ್ನು ಬೀರಪ್ಪ ಹೇಳಿರಲಿಲ್ಲ.

ಹಾನ್ಸ್ ಟೊಪ್ಪಿಗೆ ತೆಗೆದು ಬೀರಪ್ಪನತ್ತ ತಲೆ ಬಾಗಿಸಿದರು. ಅವನೂ ಕೈಮುಗಿದ, ತನ್ನ ಮಾತು ಅವರಿಗೆ ಮುಟ್ಟಿತೆಂದು. ಆಮೇಲೆ ದಿನಕರ ಒಂದು ಸಲಹೆ ಕೊಟ್ಟ: ಮೊದಲು ಆ ಜಾಗಕ್ಕೇ ಹೋಗೋಣ, ಹಾಯಿ ಇಳಿಸಿ, ಗಂಟೆ ಬಾರಿಸಿ, ಸದಸ್ಯರಿಗೆ ನಿಲ್ಲುವಂತೆ ಆ ಊರಿಗೂ ಒಂದು ನಿಮಿಷ ನಿಲ್ಲೋಣ. ಎಲ್ಲರೂ ಒಪ್ಪಿದರು. ಇಂಗ್ಲಿಷಿನಲ್ಲಿ ನಡೆದ ಈ ಮಾತನ್ನು ನಾನು ಬೀರಪ್ಪನಿಗೆ ತಿಳಿಸಲಿಲ್ಲ. ಅವನಿಗೆ ಅಚ್ಚರಿಯಾಗಲಿ ಎಂದುಕೊಂಡಿದ್ದೆ.

ಹಾನ್ಸ್ ಮತ್ತು ಮಾರ್ಗ್ರೀಟರ ದೋಣಿ ಮುಂದೆ. ಗಂಟೆ ಅವರ ಬಳಿ ಇತ್ತು. ಎರಡನೆಯದರಲ್ಲಿ ದಿನಕರ ಮತ್ತು ನಾನು. ಮೂರನೆಯದರಲ್ಲಿ ಪುಣೆಯ ಇಬ್ಬರು ಸದಸ್ಯರು. ಉಳಿದವರು ದಂಡೆಯಲ್ಲಿ. ಎಲ್ಲರಿಗೂ ತೇಲುವ ಅಂಗಿ ತೊಡಿಸಿದ್ದರು. ಬೀರಪ್ಪ ಹಿಂದಿನಿಂದ ಹುಟ್ಟು ಹಾಕುತ್ತ ಬರುತ್ತಿದ್ದ. ಗುಳಿಗೆ ನುಂಗಿದ್ದೆನಾದ್ದರಿಂದ ಹೊಟ್ಟೆ ತೊಳಸಲಿಲ್ಲ. ನಿಜ ಹೇಳಬೇಕೆಂದರೆ ಆ ಕಾಲು ತಾಸು ನಾನು ಬಹಳ ಸಂತೋಷವಾಗಿದ್ದೆ. ದೂರದಲ್ಲಿ ಬಾತುಗಳ ಹಿಂಡೊಂದು ಎದ್ದು ಕೂತಿತು.

ಮುಂದಿನ ದೋಣಿ ಆ ಕಡೆ ತಿರುಗಿದ್ದೇ ಹಿಂದೆ ಬೀರಪ್ಪ ಕೂಗತೊಡಗಿದ. ಎದ್ದುನಿಂತು ಹುಟ್ಟನ್ನು ತಲೆಯ ಮೇಲೆ ಬೀಸುತ್ತಿದ್ದ.

"ಏನಂತಾನ?" ಎಂದ ದಿನಕರ.

"ಗಾಳಿಗೆ ಕೇಳಸವಲ್ತು," ಎಂದೆ.

ಅದೇ ಗಾಳಿ ಬಲವಾಗಿ ಬಂತು. ನಮ್ಮ ದೋಣಿ ವಾಲಿತು. ದಿನಕರ ಹಗ್ಗ ಸಡಿಲಿಸಿದ. ಮುಂದಿನ ದೋಣಿ ಹಾಯಿ ತುಂಬಿಕೊಂಡು ವೇಗವಾಗಿ ಹೋಗಿ, ಒಮ್ಮೆಲೆ ನಿಂತಿತು. ಕಲ್ಲಿಗೆ ಕೊಡಲಿ ಹಾಕಿದಂಥ ಸದ್ದು. ಮರುಕ್ಷಣ ಅದು ಮಗ್ಗುಲಾಯಿತು, ಹಾಯಿಯ ಕಂಬ ನೀರಿಗೆ ಮಲಗಿತು. ಮಾರ್ಗ್ರೀಟ್ ದೂರಕ್ಕೆ ಎಸೆಯಲ್ಪಟ್ಟು ಕೆಂಪು ಅಂಗಿಯಲ್ಲಿ ತೇಲಿದರು. ಹಾನ್ಸ್ ಕಾಣಲಿಲ್ಲ. ನೀರಿನ ಮೇಲೆ ಹಾಸಿದ ಬಿಳಿ ಹಾಯಿಯ ಒಂದು ಕಡೆ ಉಬ್ಬು ಎದ್ದಿತು, ಸರಿಯಿತು, ಮತ್ತೆ ಎದ್ದಿತು. ಕೆಳಗೆ ಸಿಕ್ಕಿಕೊಂಡಿದ್ದರು. ತೇಲುವ ಅಂಗಿಯೇ ಅವರನ್ನು ಮೇಲಕ್ಕೆ, ಹಾಯಿಯ ಬಟ್ಟೆಗೆ ಒತ್ತಿಹಿಡಿದಿತ್ತು.

ದಿನಕರ ಎಷ್ಟು ಸಲ ತಿರುಗಿಸಿದರೂ ಗಾಳಿ ನಮ್ಮನ್ನು ಆಚೆ ತಳ್ಳಿತು. ಅಷ್ಟರಲ್ಲಿ ಬೀರಪ್ಪ ಹುಟ್ಟು ಹಾಕಿ ಬಂದು, ಬಲೆ ಕೊಯ್ಯುವ ಕುಡುಗೋಲು ಹಿಡಿದು ನೀರಿಗೆ ಹಾರಿದ.

ಹಾರಿ, ನಿಂತ.

ಅಷ್ಟು ದೊಡ್ಡ ಹಿನ್ನೀರಿನ ನಡುವೆ ಅವನು ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದ. ಅವನ ಕಾಲ ಕೆಳಗೆ ಗೋಡೆಯಿತ್ತು. ಅಣೆಕಟ್ಟಿನ ನೀರು ದಿನದಿನಕ್ಕೆ ಇಳಿಯುತ್ತಿತ್ತು. ಊರಿನ ಗೋಡೆಗಳು, ಕಟ್ಟೆಗಳು ಮೇಲೆ ಬರುತ್ತಿದ್ದವು. ಅವನು ಹೇಳಿದ್ದು ಇಷ್ಟೇ.

ಅವನು ಹಾಯಿಯನ್ನು ಸೀಳಿದ. ಹಾನ್ಸ್‌ರ ಕಾಲಿಗೆ ಸುತ್ತಿದ್ದ ಹಗ್ಗ ಕೊಯ್ದ. ಅವಸರದಲ್ಲಿ ತನ್ನ ಎಡ ಅಂಗೈಯನ್ನೂ ಕೊಯ್ದುಕೊಂಡ. ದಂಡೆಗೆ ತಂದ ಮೇಲೆ ಪುಣೆಯವರು ಎದೆ ಒತ್ತಿದರು, ಉಸಿರು ಊದಿದರು. ಮಾರ್ಗ್ರೀಟ್ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದರು. ಬೀಳಗಿಯ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಸಂಜೆ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು. ಅಧಿಕಾರಿ ಬೀರಪ್ಪನನ್ನು ಕೇಳಿದರು, "ಅಲ್ಲಿ ಗ್ವಾಡಿ ಅದಾವಂತ ನಿನಗ ಗೊತ್ತಿತ್ತಿಲ್ಲೋ? ಮತ್ತ ಯಾಕ ಬಿಟ್ಟಿ?"

"ಹೇಳೇನ್ರಿ ಸಾಹೇಬರ. ಅಕ್ಕಾರ ಮುಂದ ಹೇಳೇನಿ."

ಅಧಿಕಾರಿ ನನ್ನತ್ತ ತಿರುಗಿದರು. ದಿನಕರನೂ ತಿರುಗಿದ.

"ಹುಷಾರಾಗಿ ಹೋಗ್ರಿ ಅಂತ ಏನೋ ಅಂದಿದ್ದ," ಎಂದೆ.

ಬೀರಪ್ಪ ನನ್ನನ್ನೇ ನೋಡಿದ. ಅಧಿಕಾರಿ ಅದನ್ನು ಬರೆದುಕೊಂಡು, ವಿದೇಶಿಯೊಬ್ಬರ ಸಾವಿನ ವಿಷಯ, ಮೇಲಿನವರಿಗೆ ಉತ್ತರ ಹೇಳಬೇಕು, ನಾಳೆಯವರೆಗೆ ಇವನು ಇಲ್ಲೇ ಇರಲಿ ಎಂದರು. ಹೊರಗೆ ಪಡಸಾಲೆಯಲ್ಲಿ ಮಾಳವ್ವ ನಿಂತಿದ್ದಳು. ಗಂಡನ ಕೈಗೆ ಕಟ್ಟಿದ ಪಟ್ಟಿಯಿಂದ ರಕ್ತ ಜಿನುಗಿದ್ದನ್ನು ನೋಡಿ ಬಂದಿದ್ದಳು. ಜಗಳದ ದನಿಯಲ್ಲಿ ಕೇಳಲಿಲ್ಲ, ತಿಳಿಯದವಳಂತೆ ಕೇಳಿದಳು:

"ಅಕ್ಕಾರ, ನಿಮಗ ಕನ್ನಡ ಬರ್ತೈತಲ್ರಿ?"

ನಾನು ದಿನಕರ ತರಿಸಿದ್ದ ಕಾರು ಹತ್ತಿದೆ.

ಬೀಳಗಿಯ ಪ್ರವಾಸಿ ಮಂದಿರದಲ್ಲಿ ಮಾರ್ಗ್ರೀಟರ ಪಕ್ಕದ ಕೋಣೆ ನನಗೆ ಕೊಟ್ಟಿದ್ದರು. ನಿದ್ದೆ ಬರಲಿಲ್ಲ ಎಂದು ಬರೆದರೆ ನನ್ನ ಪರವಾಗಿ ಒಂದು ಮಾತು ಬರೆದುಕೊಂಡಂತಾಗುತ್ತದೆ. ನಿದ್ದೆ ಬಂದಿತ್ತು. ಭಾನುವಾರ ಬೆಳಗಿನ ಆರಕ್ಕೆ ಎಚ್ಚರವಾದಾಗ ಬೀರಪ್ಪ ಇನ್ನೂ ಠಾಣೆಯ ಬಾಕಿನ ಮೇಲಿದ್ದಾನೆ ಎಂಬುದು ಮೊದಲು ನೆನಪಾಯಿತು. ಎದ್ದು ಮಾರ್ಗ್ರೀಟರ ಬಾಗಿಲು ತಟ್ಟಿದೆ. ಅವರು ಹಿಂದಿನ ದಿನದ ಬಟ್ಟೆಯಲ್ಲೇ ಕುರ್ಚಿಯ ಮೇಲೆ ಕುಳಿತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವನು ಹೇಳಿದ್ದೇನು, ನಾನು ತಿಳಿದದ್ದೇನು, ಠಾಣೆಯಲ್ಲಿ ಏನು ಹೇಳಿ ಬಂದೆ.

ನನ್ನ ಮಾತು ಮುಗಿಯುವವರೆಗೂ ಅವರು ಕಣ್ಣು ಕದಲಿಸಲಿಲ್ಲ.

"ನಾವು ಹೋಗದಿರಬೇಕೇ ಎಂದು ನಾನು ನಿಮ್ಮನ್ನು ಕೇಳಿದ್ದೆ," ಎಂದರು.

"ಕೇಳಿದ್ದಿರಿ."

"ಅವನನ್ನು ಕೇಳಿ ಹೇಳಬಹುದಿತ್ತು. ಅವನು ಮೂರು ಹೆಜ್ಜೆ ದೂರದಲ್ಲಿದ್ದ."

"ಹೌದು."

ಕುರ್ಚಿಯಿಂದ ಎದ್ದರು. "ನಡೆಯಿರಿ, ಆ ಮನುಷ್ಯನನ್ನು ಮೊದಲು ಹೊರಗೆ ತರೋಣ." ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ.

ಠಾಣೆಯಲ್ಲಿ ಹೊಸ ಹೇಳಿಕೆ ಬರೆದು ರುಜು ಹಾಕಿದೆ. ಅಧಿಕಾರಿ ಎರಡು ಸಲ ಓದಿ, "ನಿನ್ನೆ ಇದನ್ನ ಹೇಳಿದ್ರ ಮುಗೀತಿತ್ತಲ್ರಿ ಮೇಡಂ," ಎಂದಷ್ಟೇ ಅಂದರು. ಆಕಸ್ಮಿಕ ಎಂದು ದಾಖಲಾಯಿತು. ಬೀರಪ್ಪ ಹೊರಗೆ ಬಂದಾಗ ಮಾರ್ಗ್ರೀಟ್ ಅವನ ಗಾಯದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವನು ಮುಜುಗರದಿಂದ ನೆಲ ನೋಡಿದ.

"ನಂದ ತಪ್ಪು, ಬೀರಪ್ಪಾ," ಎಂದೆ.

"ನಾ ಬಿಡಿಸಿ ಹೇಳಬೇಕಿತ್ರಿ," ಎಂದ. "ಗ್ವಾಡಿ ಅಂತ ಅನಬೇಕಿತ್ತು. ನಮ್ಮ ಮಂದಿ ಎಲ್ಲಾರೂ ಊರು ಮ್ಯಾಲ ಬಂತು ಅಂತೇವ್ರಿ. ನಿಮಗ ತಿಳೀತಂತ ಅನ್ಕೊಂಡೆ." ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುತ್ತಿದ್ದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಮಾಳವ್ವ ಅವನ ಹೆಗಲ ಮೇಲೆ ಟವೆಲು ಹಾಕಿ, ನನ್ನತ್ತ ನೋಡದೆ, ಕರೆದುಕೊಂಡು ಹೋದಳು.

ಶವ ಸಾಗಿಸುವ ಕಾಗದಪತ್ರ ಮುಗಿಯುವಾಗ ಮಧ್ಯಾಹ್ನ ಮೂರಾಗಿತ್ತು. ದೋಣಿಗಳನ್ನು ಲಾರಿಗೆ ಏರಿಸಿದ್ದರು. ಒಂದರ ತಳದಲ್ಲಿ ಕೈ ತೂರುವಷ್ಟು ಬಿರುಕು. ಬಾಗಲಕೋಟೆಗೆ ಹೊರಟ ಆಂಬುಲೆನ್ಸಿನ ಹಿಂದೆ ನಮ್ಮ ಕಾರು. ಅಲ್ಲಿಂದ ಅವರು ಮುಂಬೈಗೆ, ನಾನು ಜಮಖಂಡಿಗೆ ಮರಳುವುದೆಂದಾಗಿತ್ತು. ಅನಗವಾಡಿಯ ಸೇತುವೆಯ ನಡುವೆ ಮಾರ್ಗ್ರೀಟ್ ಕಾರು ನಿಲ್ಲಿಸಲು ಹೇಳಿ ಇಳಿದರು. ನಾನೂ ಇಳಿದೆ.

ದೂರದ ನೀರಿನಲ್ಲಿ ಒಂದು ದೋಣಿ ನಿಂತಿತ್ತು. ಅದರಲ್ಲಿ ಒಬ್ಬ ಹೆಂಗಸು ಹುಟ್ಟು ಹಿಡಿದಿದ್ದಳು. ಒಬ್ಬ ಗಂಡಸು ಎದೆಮಟ್ಟದ ನೀರಿನಲ್ಲಿ ನಿಂತು, ಒಂದೇ ಕೈಯಿಂದ, ತುದಿಗೆ ಕೆಂಪು ಬಟ್ಟೆ ಕಟ್ಟಿದ ಗಳವನ್ನು ಒತ್ತುತ್ತಿದ್ದ. ಅಂಥ ಗಳಗಳು ಆಗಲೇ ನಾಲ್ಕೈದು ನಿಂತಿದ್ದವು.

"ಏನು ಮಾಡುತ್ತಿದ್ದಾನೆ?" ಎಂದರು ಮಾರ್ಗ್ರೀಟ್.

"ಗೋಡೆ ಎಲ್ಲಿದೆ ಎಂದು ಗುರುತು ಹಾಕುತ್ತಿದ್ದಾನೆ," ಎಂದೆ.

ಅವರು ಕಟಕಟೆಯ ಮೇಲೆ ಕೈಯಿಟ್ಟು ನಿಂತರು. ಆಂಬುಲೆನ್ಸು ಸೇತುವೆ ದಾಟಿ ಆಚೆ ದಡದಲ್ಲಿ ನಮಗಾಗಿ ಕಾಯುತ್ತಿತ್ತು. ಬೀರಪ್ಪ ಇನ್ನೊಂದು ಗಳಕ್ಕೆ ಕೈ ಚಾಚಿದ, ಮಾಳವ್ವ ಎತ್ತಿ ಕೊಟ್ಟಳು.